ಕ್ವಾರ್ಕುಗಳ ಬೆಳಕೂ ನಮ್ಮ ಪ್ರಯೋಗ ಪುಸ್ತಕವೂ



"ಕುದಿಯುವ ಕ್ವಾರ್ಕ್ ದ್ರವ್ಯ ಎಷ್ಟು ಬೆಳಕು ಸೂಸುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೂ ಒಂದು ವಿಜ್ಞಾನವೇ? ಅದರಿಂದ ದಾವಣಗೆರೆಗೇನು ಲಾಭ?" ಎಂದು ಓದಿದವರೇ ಕೇಳುವುದುಂಟು. ಈ ಪ್ರಶ್ನೆಯಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಇಂಥ ಲೆಕ್ಕವೆಂದರೆ ಬರಿಯ ಊಹೆ ಎಂಬುದು ಮೊದಲನೆಯದು. ದೂರದ ವಿಷಯದಿಂದ ನಾವು ಕಲಿಯುವುದೇನೂ ಇಲ್ಲವೆಂಬುದು ಎರಡನೆಯದು. ಎರಡನ್ನೂ ನಾನು ಒಪ್ಪಲಾರೆ.

ಹರಿಹರದ ಕುಲುಮೆಯಲ್ಲಿ ಕಮ್ಮಾರನು ಕಬ್ಬಿಣದ ಬಣ್ಣ ನೋಡಿಯೇ ಕಾವಿನ ಹದವನ್ನು ಅರಿಯುತ್ತಾನೆ. ವಿಜ್ಞಾನಿಗಳು ಮಾಡುವುದೂ ಅದನ್ನೇ. ಎರಡು ಭಾರವಾದ ನ್ಯೂಕ್ಲಿಯಸ್‌ಗಳು ಮಹಾವೇಗದಲ್ಲಿ ಡಿಕ್ಕಿ ಹೊಡೆದಾಗ ಪ್ರೋಟಾನು, ನ್ಯೂಟ್ರಾನುಗಳು ಕರಗಿ ಕ್ವಾರ್ಕ್ ಮತ್ತು ಗ್ಲುಆನ್‌ಗಳ ದ್ರವವಾಗುತ್ತವೆ. ಕ್ಷಣವೆಂಬ ಮಾತೂ ಅದರ ಆಯುಷ್ಯಕ್ಕೆ ಬಹು ದೀರ್ಘವಾದುದು. ಅದರೊಳಗೆ ಉಷ್ಣಮಾಪಕ ಇಡಲಾಗದು. ಆದರೆ ಅಲ್ಲಿ ಹುಟ್ಟಿದ ಫೋಟಾನುಗಳು ಪ್ರಬಲ ಬಲಕ್ಕೆ ಸಿಕ್ಕದೆ ನೇರವಾಗಿ ಹೊರಬರುತ್ತವೆ, ಒಳಗಿನ ಕಾವಿನ ಸುದ್ದಿಯನ್ನು ತರುತ್ತವೆ. 2010ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಫೀನಿಕ್ಸ್ ತಂಡ ಇಂಥ ಬೆಳಕಿನ ಅಳತೆಯನ್ನು ಪ್ರಕಟಿಸಿತು. ಬೆಳಕು ನೇರವಾಗಿ ತೋರಿಸಿದ ಸರಾಸರಿ ತಾಪ ಸುಮಾರು 2.5 ಲಕ್ಷ ಕೋಟಿ ಡಿಗ್ರಿ. ಆರಂಭದ ತಾಪ ಸುಮಾರು 4 ಲಕ್ಷ ಕೋಟಿ ಡಿಗ್ರಿ ಎಂದು ಪ್ರಕಟವಾಯಿತು. ಮೊದಲನೆಯ ಅಂಕಿಯಿಂದ ಎರಡನೆಯದಕ್ಕೆ ಹೋಗಲು ಲೆಕ್ಕ ಬೇಕೇ ಬೇಕು. ಯಾವ ಕಾವಿನಲ್ಲಿ ಆ ದ್ರವ್ಯ ಎಷ್ಟು ಬೆಳಕು ಸೂಸುತ್ತದೆಂದು ತಿಳಿಯದವನಿಗೆ ಅಳತೆ ಮೂಕವಾಗಿಯೇ ಉಳಿಯುತ್ತದೆ.

ಆ ಲೆಕ್ಕದ ದಾರಿಯನ್ನು 1974ರಲ್ಲಿ ಕೆನೆತ್ ವಿಲ್ಸನ್ ತೋರಿಸಿದರು. ದೇಶಕಾಲಗಳನ್ನು ಜಾಲರಿಯಂತೆ ತುಂಡುಮಾಡಿ, ಪ್ರತಿ ಗಂಟಿನಲ್ಲೂ ಕ್ವಾರ್ಕುಗಳ ಸಮೀಕರಣವನ್ನು ಕಂಪ್ಯೂಟರಿನಿಂದ ಬಿಡಿಸುವುದು. ತೊಡಕೆಂದರೆ, ಈ ಲೆಕ್ಕ ನಡೆಯುವುದು ಗಣಿತದ ಕಾಲ್ಪನಿಕ ಕಾಲದಲ್ಲಿ. ಬೆಳಕು ಹೊರಡುವುದು ನಿಜವಾದ ಕಾಲದಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಒಬ್ಬನಿಗೆ 625ಕ್ಕೆ 500 ಅಂಕ ಬಂದಿದೆಯೆಂದಷ್ಟೇ ಹೇಳಿ, ಆರು ವಿಷಯಗಳಲ್ಲಿ ಎಷ್ಟೆಷ್ಟೆಂದು ಕೇಳಿದರೆ ಉತ್ತರ ಒಂದೇ ಇರುವುದಿಲ್ಲ. ಇಲ್ಲಿಯೂ ಹಾಗೆಯೇ. ಕಂಪ್ಯೂಟರು ಕೊಡುವುದು ಬಗೆಬಗೆಯ ಮೊತ್ತಗಳನ್ನು. ಅವುಗಳಿಗೆ ಹೊಂದುವ ಬೆಳಕಿನ ಚಿತ್ರಗಳು ಹಲವು.

ಹಾಗಾದರೆ ಇದು ಊಹೆಯೇ ಆಯಿತಲ್ಲ ಎನ್ನುವಿರಾ? ಅಲ್ಲ. ಊಹಿಸುವವನು ಒಂದೇ ಅಂಕಿ ಹೇಳಿ ಎದ್ದು ಹೋಗುತ್ತಾನೆ. ಜರ್ಮನಿಯ ಮೈಂಜ್, ಬೀಲೆಫೆಲ್ಡ್‌ಗಳ ತಂಡಗಳು ಇತ್ತೀಚಿನ ವರ್ಷಗಳಲ್ಲಿ ಬೇರೆಬೇರೆ ವಿಧಾನಗಳಿಂದ ಲೆಕ್ಕ ಹಾಕಿ, ಉತ್ತರ ಈ ಮಿತಿಯಿಂದ ಆ ಮಿತಿಯವರೆಗೆ ಇರಬಹುದೆಂದು ಸ್ಪಷ್ಟವಾಗಿ ಬರೆದಿವೆ. ಪ್ರೋಟಾನುಗಳಂಥ ಕಣಗಳು ಕರಗಿ ಕ್ವಾರ್ಕ್ ದ್ರವ್ಯವಾಗುವ ತಾಪವನ್ನು ಇದೇ ಜಾಲರಿ ವಿಧಾನದಿಂದ 2019ರಲ್ಲಿ ಹಾಟ್‌ಕ್ಯುಸಿಡಿ ತಂಡ ಪ್ರಕಟಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಸಾದ್ ಹೆಗ್ಡೆಯವರೂ ಆ ಪ್ರಬಂಧದ ಸಹಲೇಖಕರು. ಉತ್ತರ 156.5 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 1.8 ಲಕ್ಷ ಕೋಟಿ ಡಿಗ್ರಿ, ಹೆಚ್ಚುಕಡಿಮೆ 1.5 ಇರಬಹುದೆಂಬ ಮಾತು ಅದರ ಪಕ್ಕದಲ್ಲಿಯೇ ಇದೆ. ಆ 1.5 ನನ್ನ ದೃಷ್ಟಿಯಲ್ಲಿ ಇಡೀ ಪ್ರಬಂಧದ ಮರ್ಯಾದೆ.

ಈಗ ನಮ್ಮ ಶಾಲೆಗಳತ್ತ ಬನ್ನಿ. ಓಮ್ ನಿಯಮದ ಪ್ರಯೋಗವನ್ನು ಮಕ್ಕಳ ಪುಸ್ತಕದಲ್ಲಿ ನೋಡಿರಿ. ಐದು ಬಿಂದುಗಳೂ ನೂಲು ಹಿಡಿದಂತೆ ಒಂದೇ ಗೆರೆಯ ಮೇಲಿರುತ್ತವೆ. ತಂತಿ ಬಿಸಿಯಾಗಲಿಲ್ಲ, ಮುಳ್ಳು ಅಲುಗಲಿಲ್ಲ, ಯಾರ ಕಣ್ಣೂ ತಪ್ಪಲಿಲ್ಲ! ಹಿಂದಿನ ವರ್ಷದವರ ಪುಸ್ತಕದಿಂದ ಇಳಿಸಿಕೊಂಡ ಅಂಕಿಗಳು ಸುಂದರವಾಗಿಯೇ ಇರುತ್ತವೆ. ಅದನ್ನು ಕಂಡೂ ಸಹಿ ಹಾಕುವವರಿದ್ದಾರೆ. "ಇಂಟರ್ನಲ್ ಮಾರ್ಕು ಹೋಗಬಾರದು" ಎನ್ನುವ ತಂದೆತಾಯಿಗಳಿದ್ದಾರೆ. ನನ್ನ ಜಗಳ ಅವರೊಡನೆ. ಹದಿನೈದರ ಹರೆಯದಲ್ಲಿ ನಾವು ಮಗುವಿಗೆ ಕಲಿಸುತ್ತಿರುವುದು ಓಮ್ ನಿಯಮವಲ್ಲ, ಸುಳ್ಳು ಲೆಕ್ಕ ಬರೆಯುವ ವಿದ್ಯೆ. ನಾಳೆ ಅದೇ ಕೈ ಸೇತುವೆಯ ಅಳತೆ ಬರೆಯುತ್ತದೆ, ರೋಗಿಯ ರಕ್ತಪರೀಕ್ಷೆಯ ವರದಿ ಬರೆಯುತ್ತದೆ.

ದಾವಣಗೆರೆಗೇನು ಲಾಭವೆಂದು ಕೇಳಿದವರಿಗೆ ಇದೇ ನನ್ನ ಉತ್ತರ. ನನ್ನ ಶಿಷ್ಯರಲ್ಲಿ ಹಲವರು ಇಂದು ಉಪಾಧ್ಯಾಯರು, ಅನೇಕರು ತಂದೆತಾಯಿಗಳು. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೆ: ವಕ್ರವಾಗಿ ಬಂದ ಗೆರೆಯನ್ನು ವಕ್ರವಾಗಿಯೇ ಬರೆಯಲು ಮಗುವಿಗೆ ಬಿಡಿ, ಏಕೆ ಹಾಗಾಯಿತೆಂದು ಕೇಳಿ, ಆ ಕಾರಣಕ್ಕೆ ಅಂಕ ಕೊಡಿ.