ಬೋರ್ಡಿಗೆ ಬೇಕಾದ ಕನ್ನಡ ಮಾತ್ರೆಗೆ ಬೇಡವೇ?

ಅಂಗಡಿ ಬೋರ್ಡಿನಲ್ಲಿ ಕನ್ನಡ ಕಾಣದಿದ್ದರೆ ನಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು. ಆದರೆ ಗೆಳೆಯರೇ, ಮನೆಯಲ್ಲಿ ಅಪ್ಪ ನುಂಗುವ ಮಾತ್ರೆಯ ಶೀಟನ್ನು ಎಂದಾದರೂ ತಿರುಗಿಸಿ ನೋಡಿದ್ದೀರಾ? ಇಂಗ್ಲಿಷ್ ಇದೆ, ಎಷ್ಟೋ ಶೀಟುಗಳ ಮೇಲೆ ಹಿಂದಿಯೂ ಇದೆ. ಕನ್ನಡ ಎಲ್ಲಿದೆ?

ನಮ್ಮ ದೊಡ್ಡಪ್ಪ ಭದ್ರಾವತಿಯವರು. ಈಗ ಯಂತ್ರ ನಿಂತಿರುವ ಪೇಪರ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಎದೆಬಡಿತದ ತಾಳ ತಪ್ಪುತ್ತಿತ್ತು. ಭದ್ರಾವತಿಯ ವೈದ್ಯರೊಬ್ಬರು ಮೆಟೊಪ್ರೊಲಾಲ್ ಕೊಟ್ಟಿದ್ದರು. ಆಮೇಲೆ ಶಿವಮೊಗ್ಗದಲ್ಲಿ ಇನ್ನೊಬ್ಬರು ವೆರಾಪಮಿಲ್ ಬರೆದರು. ಹಳೆಯ ಮಾತ್ರೆ ಯಾವುದೆಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಹೇಳಲು ಹೆಸರು ಓದಲು ಬಂದರೆ ತಾನೆ? ನಾಲ್ಕನೇ ದಿನ ಬಚ್ಚಲಲ್ಲಿ ಕುಸಿದು ಬಿದ್ದರು. ನಾಡಿ ನಿಮಿಷಕ್ಕೆ 40ಕ್ಕಿಂತ ಕೆಳಗೆ ಇಳಿದಿತ್ತು. ಎರಡೂ ಒಳ್ಳೆಯ ಮಾತ್ರೆಗಳೇ. ಎರಡೂ ಬಡಿತಕ್ಕೆ ಕಡಿವಾಣ ಹಾಕುವಂಥವು. ಒಂದೇ ಎತ್ತಿಗೆ ಎರಡು ಕಡೆಯಿಂದ ಮೂಗುದಾರ ಎಳೆದಂತಾಯಿತು. ಪುಣ್ಯಕ್ಕೆ ಜೀವ ಉಳಿಯಿತು.

ನಾನು ಪಿಯುಸಿಗೆ ಓದು ಬಿಟ್ಟು ಅಚ್ಚುಮೊಳೆ ಹಿಡಿದವನು, ಡಾಕ್ಟರಲ್ಲ. ಆದರೆ ಅಂದಿನಿಂದ ಕೇಳಿ ತಿಳಿದದ್ದನ್ನು ಬರೆಯುತ್ತೇನೆ. ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಅದಕ್ಕೇ ಹಲವರಿಗೆ ವಾರ್ಫರಿನ್ ಕೊಡುತ್ತಾರೆ. ಅದರ ಜೊತೆ ಮಂಡಿನೋವಿಗೆಂದು ಡೈಕ್ಲೋಫೆನಾಕ್ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯ ಏರುತ್ತದೆ. ಅಮಿಯೊಡರೋನ್ ಸೇರಿದರೆ ವಾರ್ಫರಿನ್ನಿನ ಬಲವೂ ಹೆಚ್ಚುತ್ತದೆ, ಡಿಗಾಕ್ಸಿನ್ ಕೂಡ ರಕ್ತದಲ್ಲಿ ಏರುತ್ತದೆ. ಆಗ ವೈದ್ಯರು ಅವುಗಳ ಪ್ರಮಾಣ ಇಳಿಸಬೇಕಾಗುತ್ತದೆ. ಅಮಿಯೊಡರೋನ್ ನಿಲ್ಲಿಸಿದ ಮೇಲೂ ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಅದನ್ನು ತೆಗೆದುಕೊಳ್ಳುವವರು ಅಜಿತ್ರೋಮೈಸಿನ್ ಅಥವಾ ವಾಂತಿ, ಗ್ಯಾಸಿನ ಮಾತ್ರೆಗಳಲ್ಲಿರುವ ಡೊಂಪೆರಿಡೋನ್ ನುಂಗಿದರೆ ಬಡಿತ ಇನ್ನಷ್ಟು ಕೆಡಬಹುದು.

ಡಿಗಾಕ್ಸಿನ್ ಗಿಡದಿಂದ ಬಂದ ಮದ್ದು. ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಆ ಗಿಡದ ಬಗ್ಗೆ 1785ರಲ್ಲೇ ಪುಸ್ತಕ ಬರೆದ. ಮದ್ದಿಗೂ ವಿಷಕ್ಕೂ ನಡುವಿನ ಗೆರೆ ಇದರಲ್ಲಿ ಬಹಳ ತೆಳು. ಊಟ ಸೇರದಿರುವುದು, ವಾಕರಿಕೆ, ಕಣ್ಣಿಗೆ ಹಳದಿ ಕಾಣುವುದು ಇವು ಎಚ್ಚರಿಕೆಯ ಗಂಟೆ. ಗಿಡಮೂಲಿಕೆ ತಾನೆ ಎಂದು ಜ್ಯೇಷ್ಠಮಧು ದಿನವೂ ತಿಂದರೆ ಪೊಟ್ಯಾಸಿಯಂ ಇಳಿದು ಡಿಗಾಕ್ಸಿನ್ ವಿಷವಾಗಬಹುದು.

ಇಷ್ಟನ್ನು ಓದಿ ಹೆದರಿ ಮಾತ್ರೆ ನಿಲ್ಲಿಸಬೇಡಿ. ಏಕಾಏಕಿ ನಿಲ್ಲಿಸುವುದೂ ಅಪಾಯವೇ. ಬಿಡುವುದು, ಬದಲಿಸುವುದು ವೈದ್ಯರಿಗೆ ಬಿಟ್ಟದ್ದು.

ಕನ್ನಡದ ಹುಡುಗರು ಮಾಡಬೇಕಾದ್ದು ಬೇರೆ ಇದೆ. ಈ ಭಾನುವಾರ ಮನೆಯ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಒಂದು ಕಾರ್ಡಿನಲ್ಲಿ ಕನ್ನಡದಲ್ಲಿ ದಪ್ಪಗೆ ಬರೆಯಿರಿ: ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಯಾತಕ್ಕೆ, ಕೊಟ್ಟವರು ಯಾರು. ಪಕ್ಕದಲ್ಲೇ ಶೀಟಿನ ಮೇಲಿನ ಇಂಗ್ಲಿಷ್ ಹೆಸರನ್ನೂ ಬರೆದಿಡಿ, ತುರ್ತಿನಲ್ಲಿ ವೈದ್ಯರಿಗೆ ಬೇಕಾಗುತ್ತದೆ. ಯಾವ ಡಾಕ್ಟರ ಬಳಿ ಹೋದರೂ, ಮೆಡಿಕಲ್ ಸ್ಟೋರಿನಲ್ಲಿ ಕೆಮ್ಮಿನ ಔಷಧಿ ಕೇಳುವಾಗಲೂ ಅದನ್ನು ಮುಂದಿಡಿ. ಖಾಲಿ ಕಾರ್ಡು ಬೇಕಾದವರು ನನ್ನ ಪ್ರೆಸ್ಸಿಗೆ ಬನ್ನಿ. ಕಾಸು ಬೇಡ.

ಇನ್ನು ಸರ್ಕಾರಕ್ಕೆ. ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರುವ ಸರಕಿನ ಮೇಲೆ ಕನ್ನಡವೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಔಷಧದ ಕಾಯ್ದೆ ಮಾತ್ರ 1940ರದ್ದು, ಕೇಂದ್ರದ್ದು. ಹಾಗೆಂದು ಬೆಂಗಳೂರು ಕೈ ಕಟ್ಟಿ ಕೂರಬೇಕೆ? ಸರ್ಕಾರಿ ಆಸ್ಪತ್ರೆಯ ಔಷಧಿ ಕೊಡುವ ಕಿಂಡಿಯಲ್ಲಿ ಒಂದು ಕನ್ನಡ ಚೀಟಿ ಅಂಟಿಸಿ ಕೊಡಲು ದೆಹಲಿಯ ಅಪ್ಪಣೆ ಬೇಕೆ?

ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಮಾನ ಹೋಗುತ್ತದೆ. ಮಾತ್ರೆಯ ಮೇಲೆ ಇಲ್ಲದಿದ್ದರೆ ಪ್ರಾಣವೇ ಹೋಗುತ್ತದೆ.