ಘೋಷಣೆ ಕೂಗಿಯಾಯ್ತು, ಮುಂದೇನು? ಪ್ರಾಪಗಾಂಧಿ ಕಲಿಸಿದ ಪಾಠ

1996ರಲ್ಲಿ ಕೆನಡಾದ ಪಂಕ್ ಬ್ಯಾಂಡೊಂದು ತನ್ನ ಎರಡನೇ ಆಲ್ಬಂನ ಮುಖಪುಟದ ಮೇಲೆ ತನ್ನ ರಾಜಕೀಯವನ್ನು ನಾಲ್ಕೇ ಮಾತಲ್ಲಿ ಅಚ್ಚು ಹಾಕಿಸಿತು. ಪ್ರಾಣಿಸ್ನೇಹಿ, ಫ್ಯಾಸಿಸ್ಟ್ ವಿರೋಧಿ, ಸಲಿಂಗಪ್ರೇಮಿಗಳ ಪರ, ಸ್ತ್ರೀವಾದದ ಪರ. ಇವತ್ತು ನಮ್ಮ ಇನ್‌ಸ್ಟಾಗ್ರಾಂ ಬಯೋಗಳಲ್ಲಿ ಇರೋದೂ ಹೆಚ್ಚೂಕಮ್ಮಿ ಇದೇ ಅಲ್ವಾ? ಬ್ಯಾಂಡಿನ ಹೆಸರು ಪ್ರಾಪಗಾಂಧಿ. ಪ್ರಾಪಗ್ಯಾಂಡಾ ಎಂಬ ಪದಕ್ಕೆ ನಮ್ಮ ಗಾಂಧಿಯನ್ನು ಅಂಟಿಸಿದ ಹೆಸರು.

ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ಯಾರದೋ ಹಾರ್ಡ್ ಡಿಸ್ಕಿನಿಂದ ನನಗೆ ಸಿಕ್ಕಿದ್ದು ಆ ಆಲ್ಬಂ, 'ಲೆಸ್ ಟಾಕ್, ಮೋರ್ ರಾಕ್'. ನಾನು ಹೇಳಬೇಕಾದ್ದನ್ನೆಲ್ಲ ಇವರೇ ಹೇಳ್ತಿದ್ದಾರೆ ಅನ್ನಿಸಿತ್ತು. ನಂತರದ ಆಲ್ಬಂಗಳು ಮಾತ್ರ ತಲೆಗೆ ಹತ್ತಲಿಲ್ಲ. "ಯಾಕೋ ಕಾಂಪ್ಲಿಕೇಟೆಡ್ ಆಗ್ಬಿಟ್ರು" ಅಂತ ಬಿಟ್ಟುಬಿಟ್ಟೆ. 2025ರಲ್ಲಿ 'ಅಟ್ ಪೀಸ್' ಬಂದ ಮೇಲೆ ಮೊದಲಿನಿಂದ ಎಲ್ಲವನ್ನೂ ಸಾಲಾಗಿ ಕೇಳಿದೆ. ಕಾಂಪ್ಲಿಕೇಟೆಡ್ ಅಂತ ನಾನು ತಳ್ಳಿಹಾಕಿದ್ದೇ ಅವರ ಬೆಳವಣಿಗೆ ಅಂತ ಈಗ ಗೊತ್ತಾಗ್ತಿದೆ.

ಕ್ರಾಂತಿಕಾರಿಗಳ ಬಗ್ಗೆ ನಮ್ಮಲ್ಲಿ ಎರಡು ಸಿದ್ಧ ಕಥೆಗಳಿವೆ. ಒಂದು, ವಯಸ್ಸಾದಂತೆ ಎಲ್ಲರೂ ಮೆತ್ತಗಾಗುತ್ತಾರೆ. ಇನ್ನೊಂದು, ಮೊದಲ ದಿನ ಹೇಳಿದ್ದನ್ನೇ ಕೊನೆಯವರೆಗೂ ಹೇಳುವವರು ಮಾತ್ರ ಪ್ರಾಮಾಣಿಕರು. ಪ್ರಾಪಗಾಂಧಿ ಎರಡಕ್ಕೂ ಒಗ್ಗುವುದಿಲ್ಲ.

1986ರಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಪೋರ್ಟೇಜ್ ಲಾ ಪ್ರೇರಿ ಎಂಬ ಸಣ್ಣ ಊರಲ್ಲಿ ಕ್ರಿಸ್ ಹ್ಯಾನಾ ಮತ್ತು ಜಾರ್ಡ್ ಸಮೊಲೆಸ್ಕಿ ಶುರು ಮಾಡಿದ ಬ್ಯಾಂಡ್ ಇದು. ಮುಂದೆ ಅದರ ನೆಲೆ ವಿನಿಪೆಗ್ ನಗರ. 1993ರ ಮೊದಲ ಆಲ್ಬಂ 'ಹೌ ಟು ಕ್ಲೀನ್ ಎವೆರಿಥಿಂಗ್' ಮೆಲೋಡಿಕ್ ಹಾರ್ಡ್‌ಕೋರ್‌ನ ಚೊಕ್ಕ ಮಾದರಿ: ಓಡುವ ಡ್ರಮ್ಸ್, ಗುನುಗಬಹುದಾದ ರಾಗ, ಕುಚೋದ್ಯ, ಮಧ್ಯೆ ಮಧ್ಯೆ ರಾಜಕೀಯ. ಮೂರು ವರ್ಷದ ನಂತರ ಕುಚೋದ್ಯ ಕಡಿಮೆಯಾಗಿ ರಾಜಕೀಯವೇ ಮುಂದೆ ಬಂತು. ಈ ಸಂಗೀತಕ್ಕೆ ಮೈಮೇಲೆ ಬಿದ್ದು ಕುಣಿಯುವ ಗಂಡುಹುಡುಗರಿಗೆ ಮುಖಪುಟದ ಆ ನಾಲ್ಕು ಮಾತು ನೇರ ಸವಾಲಾಗಿತ್ತು.

ಆದರೂ ಅಲ್ಲಿನ ಬಹುತೇಕ ಹಾಡುಗಳಲ್ಲಿ ತಪ್ಪು ಮಾಡುವವರು ಹೊರಗಿನವರು: ಸರ್ಕಾರ, ಮಾಂಸ ತಿನ್ನುವವರು, ರಾಷ್ಟ್ರವಾದಿಗಳು. 'ರೆಫ್ಯೂಸಿಂಗ್ ಟು ಬಿ ಎ ಮ್ಯಾನ್' ಎಂಬ ಒಂದು ಹಾಡು ಬೇರೆ ಥರ. ಅಲ್ಲಿ ಗಾಯಕ ತನ್ನೊಳಗೇ ಬೆಳೆದ ಗಂಡಸುತನವನ್ನು ತಡಕಾಡುತ್ತಾನೆ. ಮುಂದಿನ ಹಾದಿಯ ಬೀಜ ಅಲ್ಲಿತ್ತು ಅಂತ ನನ್ನ ಓದು.

ಅದರ ಮಾರನೇ ವರ್ಷ ಬೇಸ್ ವಾದಕ ಜಾನ್ ಕೆ. ಸ್ಯಾಮ್ಸನ್ ಹೊರನಡೆದು, 'ದಿ ವೀಕರ್‌ಥ್ಯಾನ್ಸ್' ಎಂಬ ಮೆಲುದನಿಯ ಬ್ಯಾಂಡ್ ಕಟ್ಟಿದರು. ಅವರ ಜಾಗಕ್ಕೆ ಬಂದ ಟಾಡ್ ಕೊವಾಲ್ಸ್ಕಿ ಗಂಟಲು ಹರಿಯುವಂತೆ ಕೂಗುವವರು. 2001ರ 'ಟುಡೇಸ್ ಎಂಪೈರ್ಸ್, ಟುಮಾರೋಸ್ ಆ್ಯಶಸ್' ಹೊತ್ತಿಗೆ ಸಂಗೀತ ಥ್ರ್ಯಾಶ್ ಮೆಟಲ್ ಕಡೆ ವಾಲಿತ್ತು. 2006ರಲ್ಲಿ ಎರಡನೇ ಗಿಟಾರ್ ಸೇರಿದ ಮೇಲೆ ಹೆಣಿಗೆ ಇನ್ನೂ ಬಿಗಿಯಾಯಿತು. ಒಮ್ಮೆ ಕೇಳಿ ಕೋರಸ್ ಹಾಡೋಣ ಅಂದ್ರೆ ಆಗೋದೇ ಇಲ್ಲ.

ಬದಲಾಗಿದ್ದು ಹಾಡುಗಳಷ್ಟೇ ಅಲ್ಲ. 1997ರಲ್ಲಿ ಇವರು 'ಜಿ7 ವೆಲ್‌ಕಮಿಂಗ್ ಕಮಿಟಿ' ಅಂತ ಒಂದು ರೆಕಾರ್ಡ್ ಕಂಪನಿ ಶುರು ಮಾಡಿದರು. ಶ್ರೀಮಂತ ದೇಶಗಳ ಕೂಟಕ್ಕೆ ಲೇವಡಿಯ ಸ್ವಾಗತ ಸಮಿತಿ! ಬಾಸ್ ಇಲ್ಲದೆ, ಕೆಲಸವನ್ನೂ ತೀರ್ಮಾನವನ್ನೂ ಹಂಚಿಕೊಂಡು ನಡೆಸುವ ಪಾಲ್ಗೊಳ್ಳುವಿಕೆಯ ಅರ್ಥವ್ಯವಸ್ಥೆಯೇ ಅದರ ಮಾದರಿ. ಬಂಡವಾಳಶಾಹಿ ಬೇಡ ಅಂತ ಹಾಡುವುದು ಸುಲಭ. ಹಾಗಾದರೆ ನಿಮ್ಮ ಆಫೀಸಲ್ಲಿ ಟಾಯ್ಲೆಟ್ ಯಾರು ತೊಳೀತಾರೆ ಅನ್ನೋದಕ್ಕೆ ಉತ್ತರ ಕೊಡುವುದು ಕಷ್ಟ. ಆ ಕಷ್ಟಕ್ಕೆ ಕೈ ಹಾಕಿದ್ದಕ್ಕೇ ಇವರ ಮಾತಿಗೆ ತೂಕ.

2009ರ 'ಸಪೋರ್ಟಿಂಗ್ ಕಾಸ್ಟ್' ನನ್ನ ಮಟ್ಟಿಗೆ ಇವರ ಶಿಖರ. ಅದರಲ್ಲಿ 'ಡಿಯರ್ ಕೋಚಸ್ ಕಾರ್ನರ್' ಎಂಬ ಹಾಡಿದೆ. ಕೆನಡಾಕ್ಕೆ ಐಸ್ ಹಾಕಿ ಅಂದ್ರೆ ನಮಗೆ ಕ್ರಿಕೆಟ್ ಇದ್ದಂತೆ. ಆ ಹೆಸರಿನ ಟಿವಿ ಕಾರ್ಯಕ್ರಮದಲ್ಲಿ ಡಾನ್ ಚೆರ್ರಿ ಆಟದ ಜತೆ ಸೈನ್ಯದ ಗುಣಗಾನವನ್ನೂ ಮಾಡುತ್ತಿದ್ದರು. ಕೆನಡಾದ ಸೈನಿಕರು ಅಫ್ಘಾನಿಸ್ತಾನದಲ್ಲಿದ್ದ ಕಾಲ ಅದು. ಹಾಡು ಇರುವುದು ಪತ್ರದ ರೂಪದಲ್ಲಿ. ಪಂದ್ಯಕ್ಕೆ ಮುಂಚಿನ ಈ ದೇಶಭಕ್ತಿಯ ಆಚರಣೆ ಯಾತಕ್ಕೆ ಅಂತ ತಮ್ಮ ಮನೆಯ ಪುಟ್ಟ ಹುಡುಗಿಗೆ ಯಾರಾದರೂ ವಿವರಿಸಿ ಎನ್ನುವ ಕೋರಿಕೆ ಅದು. ಇಲ್ಲಿ ದೂರ ನಿಂತು ಬೈಯುವವನಿಲ್ಲ. ಹಾಕಿಯನ್ನು ಪ್ರೀತಿಸುವ ಅಭಿಮಾನಿಯೊಬ್ಬ ತನ್ನ ಆಟ ಕೈತಪ್ಪುತ್ತಿರುವುದನ್ನು ನೋಡಿ ಸಂಕಟಪಡುತ್ತಿದ್ದಾನೆ.

ಅದೇ ಆಲ್ಬಂನಲ್ಲಿ ಫ್ರಾನ್ಸಿಸ್ ಎಂಬ ಹಂದಿಯ ಕಥೆಯೂ ಇದೆ. 1990ರಲ್ಲಿ ಆಲ್ಬರ್ಟಾದ ರೆಡ್ ಡೀರ್ ಊರಿನ ಕಸಾಯಿಖಾನೆಯಿಂದ ತಪ್ಪಿಸಿಕೊಂಡ ಹಂದಿ ಅದು. ತಿಂಗಳುಗಟ್ಟಲೆ ಸಿಗದೆ ಓಡಾಡಿ ಕೊನೆಗೆ ಸತ್ತಿತು. ಊರಿನವರು ಅದಕ್ಕೊಂದು ಕಂಚಿನ ಪ್ರತಿಮೆ ಮಾಡಿಸಿದರು. ಒಂದು ಹಂದಿಗೆ ಪ್ರತಿಮೆ, ಮಿಕ್ಕವಕ್ಕೆ ಕತ್ತಿ. 1996ರಲ್ಲಿ 'ಪ್ರಾಣಿಸ್ನೇಹಿ' ಅಂತ ಅಚ್ಚಾಗಿದ್ದ ಮಾತು ಹದಿಮೂರು ವರ್ಷದ ನಂತರ ಕಥೆಯಾಗಿ ಬಂತು. ಘೋಷಣೆಗೆ ಒಪ್ಪಬಹುದು, ಒಪ್ಪದೆಯೂ ಇರಬಹುದು. ಫ್ರಾನ್ಸಿಸ್‌ನ ಕಥೆ ಕೇಳಿದ ಮೇಲೆ ಅಷ್ಟು ಸಲೀಸಾಗಿ ಎದ್ದು ಹೋಗಲಾಗುವುದಿಲ್ಲ.

2017ರ 'ವಿಕ್ಟರಿ ಲ್ಯಾಪ್'ನ ಒಂದು ಹಾಡಿನ ಹೆಸರಲ್ಲಿ ಬರುವ 'ಝೂಕೋಸಿಸ್' ಎಂಬ ಪದ, ಬೋನಿನಲ್ಲಿಟ್ಟ ಪ್ರಾಣಿ ಹಿಂದೆಮುಂದೆ ಓಡಾಡುತ್ತಲೇ ಇರುವ ಮನೋವಿಕಾರದ್ದು. ಈಗ ಬೋನಿನಲ್ಲಿರುವುದು ಹಾಡುವವನೇ. ಎದುರಿಗೆ ಅವನ ಮಕ್ಕಳಿದ್ದಾರೆ. ಶತ್ರುವಿನ ಹೆಸರು ಹಿಡಿದು ಕೂಗುತ್ತಿದ್ದವರು ತಮ್ಮ ಪಾಲೆಷ್ಟು ಅಂತ ಲೆಕ್ಕ ಹಾಕುತ್ತಿದ್ದಾರೆ. ಹಾಗಂತ ಸಿಟ್ಟು ಇಳಿದಿಲ್ಲ. 'ಅಟ್ ಪೀಸ್'ನಲ್ಲಿ ವೇಗ ತಗ್ಗಿದೆ, ಭಾರ ಹೆಚ್ಚಿದೆ.

ಇದಕ್ಕೊಂದು ನ್ಯಾಯವಾದ ತಕರಾರಿದೆ. ಇಷ್ಟು ಗಂಟುಗಂಟಾದ ಹಾಡನ್ನು ಪ್ರತಿಭಟನೆಯಲ್ಲಿ ಹಾಡೋಕಾಗುತ್ತಾ? ಆಗಲ್ಲ. ಬೀದಿಗಿಳಿದಾಗ ನಾಲ್ಕೇ ಮಾತಿನ ಘೋಷಣೆ ಬೇಕು. ಮೊದಲ ಸಲ ಬರುವವರಿಗೆ ಅದೇ ಬಾಗಿಲು, ನಾನೂ ಒಳಗೆ ಬಂದಿದ್ದು ಅಲ್ಲಿಂದಲೇ. ಆದರೆ ಹತ್ತು ವರ್ಷ ಆ ಬಾಗಿಲಲ್ಲೇ ನಿಂತು, ಒಳಗೆ ಬರುವವರ ಟ್ವೀಟ್ ತಪಾಸಣೆ ಮಾಡುತ್ತಾ ಇದ್ದುಬಿಟ್ಟೆ.

ಡಾನ್ ಚೆರ್ರಿಯನ್ನು 2019ರಲ್ಲಿ ಕಾರ್ಯಕ್ರಮದಿಂದ ತೆಗೆದರು, ವಲಸಿಗರ ಬಗ್ಗೆ ಆಡಿದ ಮಾತಿಗಾಗಿ. ಸೋಷಿಯಲ್ ಮೀಡಿಯಾ ಲೆಕ್ಕದಲ್ಲಿ ಅದು ಗೆಲುವು. ಆ ಪುಟ್ಟ ಹುಡುಗಿಯ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಟ್ಟಂತಿಲ್ಲ. ನಮ್ಮ ಮನೆಯ ಮಕ್ಕಳು ಕ್ರಿಕೆಟ್ ನೋಡ್ತಾ ಅದನ್ನೇ ಕೇಳಿದರೆ ನನ್ನ ಬಳಿ ಒಂದು ಹ್ಯಾಶ್‌ಟ್ಯಾಗ್ ಇದೆ, ಉತ್ತರ ಇನ್ನೂ ಇಲ್ಲ.