ಹೊಸ ಡ್ರೈವರನಿಗೆ ಕಲಿಸುವವರು ಯಾರು?

ಹೆದ್ದಾರಿಯಲ್ಲಿ ಲಾರಿಯೊಂದು ಮಗುಚಿದ ಮರುದಿನ ಪತ್ರಿಕೆಗಳಲ್ಲಿ ಬರುವ ವಾಕ್ಯ ನಮಗೆಲ್ಲ ಬಾಯಿಪಾಠವಾಗಿದೆ: ಚಾಲಕನ ಅಜಾಗರೂಕತೆಯೇ ಕಾರಣ. ಆತ ನಿದ್ದೆಗೆಟ್ಟು ಎಷ್ಟು ಹೊತ್ತಾಗಿತ್ತು, ಆ ಗಾಡಿಯನ್ನು ಆತನ ಕೈಗೆ ಕೊಟ್ಟು ಎಷ್ಟು ದಿನವಾಗಿತ್ತು, ಕೊಡುವ ಮೊದಲು ಏನು ಕಲಿಸಿದ್ದರು ಎಂದು ಯಾರೂ ಕೇಳುವುದಿಲ್ಲ. ಮಾಲೀಕನ ಹೆಸರು ಸುದ್ದಿಯಲ್ಲಿ ಬರುವುದೂ ಅಪರೂಪ.

ಹಿಂದೆ ಈ ವಿದ್ಯೆಗೊಂದು ಶಾಲೆಯಿತ್ತು. ಅದು ಕ್ಲೀನರನ ಸೀಟು. ಮೀಸೆ ಮೂಡದ ಹುಡುಗ ಲಾರಿ ಹತ್ತುತ್ತಿದ್ದ. ಡ್ರೈವರ್ ಅವನ ಪಾಲಿಗೆ ಉಸ್ತಾದ್. ಟಯರಿಗೆ ಬಡಿದು ಸದ್ದಿನಲ್ಲೇ ಗಾಳಿ ಅಂದಾಜು ಮಾಡುವುದು, ಟಾರ್ಪಾಲಿಗೆ ಹಗ್ಗ ಬಿಗಿಯುವುದು, ರಿವರ್ಸ್ ತೆಗೆಯುವಾಗ ಹಿಂದೆ ನಿಂತು ಕೂಗಿ ಹೇಳುವುದು, ಘಾಟಿ ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಪಾಠ, ಇವನ್ನೆಲ್ಲ ಕಲಿಯಲು ವರ್ಷಗಳೇ ಹಿಡಿಯುತ್ತಿದ್ದವು. ನಮ್ಮ ಕತೆಗಾರರು ಈ ಉಸ್ತಾದ್-ಶಾಗಿರ್ದ್ ಸಂಬಂಧಕ್ಕೆ ಬೇಕಾದಷ್ಟು ಬಣ್ಣ ಬಳಿದಿದ್ದಾರೆ. ಅದರಲ್ಲಿ ಏಟು, ಬೈಗುಳ, ಅರೆಹೊಟ್ಟೆ ಎಲ್ಲವೂ ಇದ್ದವು. ಆ ಕಾಲ ಮರಳಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಶಾಲೆ ಮುಚ್ಚತೊಡಗಿದಾಗ ಅದರ ಜಾಗದಲ್ಲಿ ಇನ್ನೊಂದು ತೆರೆಯಬೇಕಿತ್ತಲ್ಲವೆ? ಕ್ಲೀನರನ ಸಂಬಳ ಉಳಿಯಿತೆಂದು ಮಾಲೀಕರು ಖುಷಿಪಟ್ಟರು. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕೆಂಬ ನಿಯಮವನ್ನು ಸರಕಾರವೂ 2018ರಲ್ಲಿ ಕೈಬಿಟ್ಟಿತು.

ಸಾರಿಗೆ ವಾಹನದ ಚಾಲಕ ಎಂಟನೇ ತರಗತಿ ಪಾಸಾಗಿರಬೇಕೆಂಬ ಷರತ್ತು ಹೋದದ್ದು 2019ರಲ್ಲಿ. ಹರಿಯಾಣದ ಮೇವಾತ್‌ನಲ್ಲಿ ಬಡ ಮುಸ್ಲಿಮರೇ ಹೆಚ್ಚು. ಎಷ್ಟೋ ಮನೆಗಳ ಅನ್ನ ಸ್ಟೇರಿಂಗಿನಿಂದಲೇ ಬರುತ್ತದೆ. ಅಲ್ಲಿಯವರಿಗೆ ವಿನಾಯಿತಿ ಬೇಕೆಂದು ಆ ರಾಜ್ಯ ಕೇಳಿತ್ತು. ದೇಶದಲ್ಲಿ ಸುಮಾರು 22 ಲಕ್ಷ ಚಾಲಕರ ಕೊರತೆಯಿದೆ ಎಂದು ಕೇಂದ್ರ ಸಚಿವಾಲಯವೂ ಹೇಳಿತು. ನಿರ್ಧಾರ ಸರಿಯೇ, ಶಾಲೆ ಬಿಟ್ಟವನ ಅನ್ನ ಕಿತ್ತುಕೊಳ್ಳುವುದು ನ್ಯಾಯವಲ್ಲ. ಆದರೆ ಓದಿನ ಷರತ್ತು ಹೋದರೂ ತರಬೇತಿ ಬಿಗಿಯಾಗುತ್ತದೆ ಎಂಬ ಮಾತೂ ಅದರ ಜತೆಗಿತ್ತು. 2021ರ ನಿಯಮಗಳು ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಭಾರಿ ವಾಹನಕ್ಕೆ 6 ವಾರಗಳಲ್ಲಿ 38 ಗಂಟೆಗಳ ಪಾಠವನ್ನು ಗೊತ್ತುಪಡಿಸಿದವು. ಇರಲಿ. ಲೈಸೆನ್ಸ್ ಪಡೆದವನು ಕಂಪನಿಯ ಗೇಟು ದಾಟಿದ ಮೇಲೆ ಏನಾಗುತ್ತದೆ?

ನಮ್ಮ ಮೊಹಲ್ಲಾದ ಹುಡುಗನೊಬ್ಬ ಕೆಲವು ವರ್ಷಗಳ ಹಿಂದೆ ಕಂಟೇನರ್ ಸಾಗಿಸುವ ದೊಡ್ಡ ಕಂಪನಿಯೊಂದಕ್ಕೆ ಸೇರಿದ. ಉರ್ದು ಶಾಲೆಯಲ್ಲಿ ಆರನೆಯವರೆಗೆ ಓದಿದವನು. ಓರಿಯೆಂಟೇಶನ್ ಎಂಬ ಹೆಸರಿನಲ್ಲಿ ನಾಲ್ಕು ದಿನ ಕೂರಿಸಿದರು. ಮೊದಲ ದಿನ ಅಸಲು ಲೈಸೆನ್ಸ್ ತೆಗೆದಿಟ್ಟುಕೊಂಡು ಹನ್ನೊಂದು ಕಡೆ ರುಜು ಹಾಕಿಸಿದರು. ಅವನು ಉರ್ದುವಿನಲ್ಲಿ ಬರೆದದ್ದು ನೋಡಿ ಗುಮಾಸ್ತ ನಕ್ಕನಂತೆ. ಆ ಕಾಗದಗಳ ಪ್ರತಿಯನ್ನು ಅವನು ನನಗೆ ತೋರಿಸಿದ. ಸರಕು ಕೆಟ್ಟರೆ ಕಡಿತ, ತಡವಾದರೆ ಕಡಿತ, ಡೀಸೆಲ್ ಹೆಚ್ಚು ಸುಟ್ಟರೆ ಕಡಿತ. ಕೊನೆಯಲ್ಲೊಂದು ಘೋಷಣೆ: ಸುರಕ್ಷತೆಯ ನಿಯಮಗಳನ್ನೆಲ್ಲ ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ. ಅದು ಇದ್ದದ್ದು ಇಂಗ್ಲಿಷಿನಲ್ಲಿ!

ಎರಡನೆಯ ದಿನ ಜಿಪಿಎಸ್ ಮತ್ತು ಮೈಲೇಜಿನ ಪಾಠ. ಮೂರನೆಯ ದಿನ ಯಾರ್ಡಿನಲ್ಲಿ ಒಂದು ಸುತ್ತು. ನಾಲ್ಕನೆಯ ದಿನ ಬರೀ ಕಾಯುವುದು. ಈ ನಾಲ್ಕೂ ದಿನಕ್ಕೆ ಸಂಬಳವಿಲ್ಲ, ಬತ್ತೆಯೂ ಇಲ್ಲ. ಐದನೆಯ ರಾತ್ರಿ ಲೋಡಿನೊಂದಿಗೆ ಅವನೊಬ್ಬನನ್ನೇ ಮಂಗಳೂರು ಬಂದರಿಗೆ ಅಟ್ಟಿದರು. ಬಿಸ್ಮಿಲ್ಲಾ ಹೇಳಿ ಹೊರಟ. ಶಿರಾಡಿ ಘಾಟಿಯನ್ನು ಅವನು ಹಗಲಲ್ಲೂ ಕಂಡವನಲ್ಲ. ಕ್ಷೇಮವಾಗಿ ಮರಳಿದ, ಅದನ್ನೇ ಕಂಪನಿ ತನ್ನ ತರಬೇತಿಯ ಯಶಸ್ಸೆಂದು ಬರೆದುಕೊಂಡಿರಬೇಕು.

ಇದಕ್ಕೆ ಕಲಿಕೆ ಎನ್ನುವುದು ಹೇಗೆ? ನಾಳೆ ಕೋರ್ಟಿನಲ್ಲಿ 'ನಾವು ಎಲ್ಲ ಹೇಳಿದ್ದೆವು, ಆತನೇ ಕೇಳಲಿಲ್ಲ' ಎನ್ನಲು ಬೇಕಾದ ಕಾಗದವನ್ನು ಇಂದೇ ಸಿದ್ಧಮಾಡಿಟ್ಟುಕೊಳ್ಳುವ ಉಪಾಯವಿದು. ಇದಕ್ಕಿಂತ ಕೆಟ್ಟದ್ದು, ಬಾಯಲ್ಲಿ ಹೇಳದೆ ಕಲಿಸುವ ಪಾಠ. ಮೈಲೇಜ್ ಕಡಿಮೆಯಾದರೆ ದುಡ್ಡು ಕಡಿಯುತ್ತೇವೆ ಎಂದವರು, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡು ಎಂದು ಬೇರೆ ಹೇಳಬೇಕಾಗಿಲ್ಲ. ಗೇರು ತಪ್ಪಿಸಿದ ಗಾಡಿಗೆ ಎಂಜಿನ್ನಿನ ಹಿಡಿತವಿಲ್ಲ. ಭಾರವೆಲ್ಲ ಬ್ರೇಕಿನ ಮೇಲೆ. ಡ್ರಮ್ಮು ಕಾದು ಬ್ರೇಕು ಹಿಡಿಯದೆ ಹೋದಾಗ ಮತ್ತದೇ ವಾಕ್ಯ, ಚಾಲಕನ ಅಜಾಗರೂಕತೆ.

ಇನ್ನು ವಿಶ್ರಾಂತಿಯ ಮಾತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಐದು ಮಂದಿಗಿಂತ ಕಡಿಮೆ ಕೆಲಸಗಾರರಿದ್ದ ಮಾಲೀಕ ಅದರಿಂದ ನುಣುಚಿಕೊಳ್ಳಬಹುದಿತ್ತು. ಈ ಕಂಪನಿಗೆ ಆ ದಾರಿಯೂ ಇರಲಿಲ್ಲ. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. 8 ಗಂಟೆಯ ಮಿತಿ ಅದರಲ್ಲೂ ಇದೆ. ಆ ನಾಲ್ಕು ದಿನಗಳಲ್ಲಿ ಇದನ್ನು ಯಾರಾದರೂ ಹೇಳಿದರೆ ಎಂದು ಹುಡುಗನನ್ನು ಕೇಳಿದೆ. 'ಇಂಥ ಕಾನೂನು ಇದೆಯಾ ಭಾಯಿಜಾನ್?' ಎಂದ.

ಡ್ರೈವರುಗಳು ನಿಲ್ಲುವುದಿಲ್ಲ, ಕಲಿತು ಬೇರೆ ಕಡೆ ಹೋಗುತ್ತಾರೆ, ಅವರ ಮೇಲೆ ಖರ್ಚು ಮಾಡಿ ಏನು ಲಾಭ ಎಂದು ಮಾಲೀಕರು ಗೊಣಗುತ್ತಾರೆ. ಲೈಸೆನ್ಸ್ ಕಸಿದಿಟ್ಟುಕೊಂಡವನ ಬಳಿ ಯಾರು ತಾನೆ ನಿಲ್ಲುತ್ತಾರೆ? ಗೇಟಿನೊಳಗೆ ಕಾಲಿಟ್ಟ ದಿನದಿಂದಲೇ ಸಂಬಳ ಕೊಡಲಿ. ಕಾಗದವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಹಿಂದಿಯಲ್ಲೋ ಓದಿಹೇಳಿ ಆಮೇಲೆ ರುಜು ಕೇಳಲಿ. ಮೊದಲ ಹತ್ತು ಟ್ರಿಪ್ಪು ಹಳೆಯ ಡ್ರೈವರನ ಪಕ್ಕದಲ್ಲಿ ಕೂರಿಸಲಿ, ಕಲಿಸಿದ್ದಕ್ಕೆ ಆ ಹಿರಿಯನಿಗೂ ಬೇರೆ ಕೂಲಿ ಕೊಡಲಿ. ಒಂದು ತಿಂಗಳ ಟೋಲಿನ ಮುಂದೆ ಇದು ಎಷ್ಟು ದೊಡ್ಡ ಖರ್ಚು ಎಂಬುದನ್ನು ಮಾಲೀಕರ ಸಂಘಗಳೇ ಲೆಕ್ಕ ಹಾಕಿ ಹೇಳಲಿ.